ಪಿಕಪ್ ಎಷ್ಟು ಭಾರ ಎಳೆಯಬಲ್ಲದು? ಉತ್ತರ ಇರುವುದು ಎಂಜಿನ್‌ನಲ್ಲಲ್ಲ, ಬ್ರೇಕಿನಲ್ಲಿ

"ನಮ್ಮ ಪಿಕಪ್ ನಲವತ್ತು ಚೀಲ ಹಾಕಿದರೂ ಗುಡ್ಡ ಹತ್ತುತ್ತದೆ. ಹಿಂದೆ ಒಂದು ಟ್ರೇಲರ್ ಕಟ್ಟಿದರೆ ಏನಾಗುತ್ತೆ?"

ಕೊಡಗಿನಲ್ಲಿ ಕಾಫಿ ಕೊಯ್ಲಿನ ದಿನಗಳಲ್ಲಿ ಇಂಥ ಮಾತು ಕಿವಿಗೆ ಬೀಳುವುದು ಅಪರೂಪವಲ್ಲ. ಹಣ್ಣನ್ನು ತೋಟದಿಂದ ಕಣಕ್ಕೆ ತರಬೇಕು, ಒಣಗಿದ ಚೀಲಗಳನ್ನು ಕುಶಾಲನಗರದ ಕ್ಯೂರಿಂಗ್ ಘಟಕಕ್ಕೆ ಮುಟ್ಟಿಸಬೇಕು. ಫೆಬ್ರವರಿ–ಮಾರ್ಚ್ ಬಂತೆಂದರೆ ರೊಬಸ್ಟಾ ಗಿಡಗಳಿಗೆ ನೀರು ಹಾಯಿಸಲು ಪಂಪ್‌ಸೆಟ್ಟನ್ನೂ ಸ್ಪ್ರಿಂಕ್ಲರ್ ಪೈಪುಗಳನ್ನೂ ತೋಟದಿಂದ ತೋಟಕ್ಕೆ ಎಳೆದೊಯ್ಯಬೇಕು. ಒಂದು ವಾಹನ, ಒಬ್ಬ ಡ್ರೈವರ್, ಒಂದೇ ಟ್ರಿಪ್‌ನಲ್ಲಿ ಕೆಲಸ ಮುಗಿದರೆ ಯಾರಿಗೆ ಬೇಡ? ಇದರ ಜೊತೆಗೆ ಅಮೆರಿಕದ ವಿಡಿಯೊಗಳಲ್ಲಿ ಒಂದು ಪಿಕಪ್ ಇಡೀ ಮನೆಯಷ್ಟು ದೊಡ್ಡ ಟ್ರೇಲರನ್ನು ಸಲೀಸಾಗಿ ಎಳೆದೊಯ್ಯುವುದನ್ನು ನೋಡಿದಾಗ, ನಮ್ಮ ಪಿಕಪ್‌ಗೂ ಅದು ಸಾಧ್ಯ ಅನ್ನಿಸುವುದು ಸಹಜ.

ಆದರೆ 'ಗುಡ್ಡ ಹತ್ತಿತು' ಎನ್ನುವುದು ವಾಹನದ ಸಾಮರ್ಥ್ಯಕ್ಕೆ ಸಾಕ್ಷಿಯಾಗುತ್ತದೆಯೇ? ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಶಾಲೆಯಲ್ಲಿ ಕಲಿತ ಭೌತವಿಜ್ಞಾನ ಇದಕ್ಕೆ ಸಾಕು.

ಹತ್ತಲು ಎಷ್ಟು ಶಕ್ತಿ ಬೇಕು?

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 275ರಲ್ಲಿ ಮಂಗಳೂರಿನ ಕಡೆಗೆ ಹೊರಟರೆ ಸುಮಾರು 25 ಕಿಲೋಮೀಟರ್ ದೂರದ ಸಂಪಾಜೆ ತಲುಪುವಷ್ಟರಲ್ಲಿ ಹತ್ತಿರ ಹತ್ತಿರ ಸಾವಿರ ಮೀಟರ್ ಕೆಳಗಿಳಿದಿರುತ್ತೇವೆ. ಅಂದರೆ ಪ್ರತಿ ನೂರು ಮೀಟರಿಗೆ ಸರಾಸರಿ ನಾಲ್ಕು ಮೀಟರ್ ಇಳಿಜಾರು. ಕೆಲವು ತಿರುವುಗಳಲ್ಲಿ ಇದು ದುಪ್ಪಟ್ಟಾದರೂ ಆಶ್ಚರ್ಯವಿಲ್ಲ.

ಈಗ ಒಂದು ಪಿಕಪ್ ಇದೆ ಎಂದುಕೊಳ್ಳಿ. ಸರಕು ತುಂಬಿದ ಮೇಲೆ ಅದರ ತೂಕ 3 ಟನ್. ಹಿಂದೆ 2 ಟನ್ನಿನ ಟ್ರೇಲರ್. ಒಟ್ಟು 5 ಟನ್. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಈ ಜೋಡಿ ಸಂಪಾಜೆಯಿಂದ ಮೇಲಕ್ಕೆ ಬರಬೇಕಾದರೆ ಗುರುತ್ವಾಕರ್ಷಣೆಯನ್ನು ಮೀರಲು ಬೇಕಾಗುವುದು ಸುಮಾರು 16 ಕಿಲೋವ್ಯಾಟ್, ಅಂದರೆ 22 ಅಶ್ವಶಕ್ತಿ. ಟಯರುಗಳ ಉರುಳುವಿಕೆಯ ಪ್ರತಿರೋಧಕ್ಕೆ ಇನ್ನೊಂದು ಎಂಟು ಅಶ್ವಶಕ್ತಿ ಸೇರಿಸಿ. ಒಟ್ಟು ಮೂವತ್ತು!

ನಮ್ಮ ತೋಟಗಳಲ್ಲಿ ಓಡಾಡುವ ಸಾಮಾನ್ಯ ಪಿಕಪ್‌ಗಳ ಎಂಜಿನ್ 70–80 ಅಶ್ವಶಕ್ತಿಯದು. ಹಾಗಾಗಿ ಮಿತಿಮೀರಿ ತುಂಬಿದರೂ ಗಾಡಿ ಹತ್ತುತ್ತದೆ. ಕಡಿದಾದ ಕಡೆ ಎರಡನೇ ಗೇರಿಗೋ ಮೊದಲನೇ ಗೇರಿಗೋ ಬಂದರಾಯಿತು, ವೇಗ ಕಡಿಮೆಯಾಗುತ್ತದೆ ಅಷ್ಟೇ. ತನ್ನ ಯೋಗ್ಯತೆಗಿಂತ ಹೆಚ್ಚಿನ ಭಾರವನ್ನು ಮೇಲಕ್ಕೆ ಎಳೆಯುವುದು ಎಂಜಿನ್‌ಗೆ ದೊಡ್ಡ ವಿಷಯವಲ್ಲ. 'ಹತ್ತಿತು' ಎಂಬ ಅನುಭವ ನಮ್ಮನ್ನು ಮೋಸಗೊಳಿಸುವುದು ಇಲ್ಲೇ.

ಇಳಿಯುವಾಗ ಆ ಶಕ್ತಿ ಎಲ್ಲಿಗೆ ಹೋಗುತ್ತದೆ?

ಎತ್ತರದಲ್ಲಿರುವ ಪ್ರತಿಯೊಂದು ವಸ್ತುವಿನಲ್ಲೂ ಸ್ಥಾನಿಕ ಶಕ್ತಿ ಅಡಗಿರುತ್ತದೆ. ಕೆಳಗಿಳಿಯುವಾಗ ಆ ಶಕ್ತಿ ಎಲ್ಲಾದರೂ ಹೋಗಲೇಬೇಕು. ಬ್ರೇಕ್ ಇಲ್ಲದಿದ್ದರೆ ಅದು ವೇಗವಾಗುತ್ತದೆ. ಬ್ರೇಕ್ ಹಿಡಿದರೆ ಶಾಖವಾಗುತ್ತದೆ.

3 ಟನ್ನಿನ ಪಿಕಪ್ ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 29 ಮೆಗಾಜೂಲ್. ಈ ಸಂಖ್ಯೆಯಿಂದ ಏನೂ ಹೊಳೆಯಲಿಕ್ಕಿಲ್ಲ. ಹೀಗೆ ನೋಡಿ: ಅಷ್ಟು ಶಾಖದಿಂದ 90 ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. 2 ಟನ್ನಿನ ಟ್ರೇಲರ್ ಸೇರಿದರೆ 49 ಮೆಗಾಜೂಲ್, ಅಂದರೆ 150 ಲೀಟರಿಗೂ ಹೆಚ್ಚು. ಬಚ್ಚಲುಮನೆಯ ದೊಡ್ಡ ಹಂಡೆಗಳನ್ನು ನೆನಪಿಸಿಕೊಂಡರೆ ಅಂದಾಜು ಸಿಗುತ್ತದೆ.

ಇನ್ನೊಂದು ರೀತಿಯಲ್ಲಿ ಹೇಳಬೇಕೆಂದರೆ, ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಇಳಿಯುವ 50 ನಿಮಿಷವೂ ಒಂದೊಂದು ಕಿಲೋವ್ಯಾಟಿನ ಹದಿನಾರು ಇಸ್ತ್ರಿಪೆಟ್ಟಿಗೆಗಳು ಒಟ್ಟಿಗೆ ಉರಿದಷ್ಟು ಶಾಖ ಇದು. ಒಂದು ಪಾಲನ್ನು ಗಾಳಿ ಮತ್ತು ಟಯರುಗಳ ಪ್ರತಿರೋಧ ತೆಗೆದುಕೊಳ್ಳುತ್ತದೆ. ಸರಿಯಾದ ಗೇರಿನಲ್ಲಿದ್ದರೆ ದೊಡ್ಡ ಪಾಲನ್ನು ಎಂಜಿನ್ ಹೀರಿಕೊಳ್ಳುತ್ತದೆ. ಉಳಿದಿದ್ದೆಲ್ಲ ಬ್ರೇಕಿನ ತಲೆಯ ಮೇಲೆ. ಟ್ರೇಲರ್‌ಗೆ ಸ್ವಂತ ಬ್ರೇಕ್ ಇಲ್ಲದಿದ್ದರೆ ಅದರ ಪಾಲಿನ ಶಾಖವನ್ನೂ ಪಿಕಪ್‌ನ ನಾಲ್ಕು ಚಕ್ರಗಳ ಬ್ರೇಕೇ ಹೊರಬೇಕು.

ವಿರಾಜಪೇಟೆಯಿಂದ ಕೇರಳದ ಕಡೆಗೆ ಇಳಿಯುವ ಮಾಕುಟ್ಟ ರಸ್ತೆಗೂ, ಭಾಗಮಂಡಲದಿಂದ ಕರಿಕೆ ಮೂಲಕ ಪಾಣತ್ತೂರಿಗೆ ಇಳಿಯುವ ರಸ್ತೆಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಅಲ್ಲಿ ರಸ್ತೆ ಇನ್ನೂ ಕಿರಿದು, ತಿರುವು ಇನ್ನೂ ಹೆಚ್ಚು.

ಬ್ರೇಕ್ ಕೈಕೊಡುವುದು ಹೇಗೆ?

"ಬ್ರೇಕ್ ಫೇಲ್ ಆಯಿತು" ಎನ್ನುವಾಗ ಏನೋ ಒಂದು ಭಾಗ ತುಂಡಾಯಿತು ಎಂದು ನಾವು ಭಾವಿಸುತ್ತೇವೆ. ಘಟ್ಟದ ರಸ್ತೆಯಲ್ಲಿ ಏನೂ ಮುರಿಯದೆಯೂ ಬ್ರೇಕ್ ಸೋಲಬಹುದು. ಕಾರಣ ಶಾಖ. ಅದು ಮೂರು ದಾರಿಗಳಿಂದ ಬರುತ್ತದೆ.

ಒಂದು, ಲೈನರಿನ ಹಿಡಿತ ಕಡಿಮೆಯಾಗುವುದು. ಬ್ರೇಕ್ ಲೈನರ್ ಮತ್ತು ಪ್ಯಾಡುಗಳಲ್ಲಿ ಘರ್ಷಣೆಯ ವಸ್ತುಗಳನ್ನು ರಾಳದಂಥ ಅಂಟಿನಿಂದ ಕೂಡಿಸಿರುತ್ತಾರೆ. ಮಿತಿಮೀರಿ ಬಿಸಿಯಾದಾಗ ಆ ಅಂಟು ಅನಿಲ ಬಿಡಲಾರಂಭಿಸುತ್ತದೆ, ಘರ್ಷಣೆ ಇಳಿಯುತ್ತದೆ. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ಒತ್ತಿದರೂ ಗಾಡಿ ನಿಧಾನವಾಗುವುದಿಲ್ಲ.

ಎರಡು, ಡ್ರಮ್ ಹಿಗ್ಗುವುದು. ನಮ್ಮ ಹೆಚ್ಚಿನ ಪಿಕಪ್‌ಗಳ ಹಿಂದಿನ ಚಕ್ರಗಳಲ್ಲಿ ಡ್ರಮ್ ಬ್ರೇಕ್ ಇರುತ್ತದೆ. ಬಿಸಿಯಾದ ಡ್ರಮ್ ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ. ಆಗ ಪೆಡಲ್ ಮೊದಲಿಗಿಂತ ಹೆಚ್ಚು ಕೆಳಗೆ ಹೋಗುತ್ತದೆ.

ಮೂರು, ಬ್ರೇಕ್ ಆಯಿಲ್ ಕುದಿಯುವುದು. ಬ್ರೇಕ್ ಆಯಿಲ್ ಗಾಳಿಯಿಂದ ತೇವಾಂಶ ಹೀರುವ ದ್ರವ. 'ಡಾಟ್ 3' ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬ ಮಾನದಂಡವಿದೆ. ನೀರು ಸೇರಿದ ಮೇಲೆ ಅದೇ ಮಿತಿ 140 ಡಿಗ್ರಿಗೆ ಇಳಿಯುತ್ತದೆ. 'ಡಾಟ್ 4' ದರ್ಜೆಗೆ ಈ ಸಂಖ್ಯೆಗಳು 230 ಮತ್ತು 155. ಆಯಿಲ್ ಕುದಿದಾಗ ಕೊಳವೆಯಲ್ಲಿ ಆವಿಯ ಗುಳ್ಳೆಗಳಾಗುತ್ತವೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆದರೆ ಆವಿಯನ್ನು ಕುಗ್ಗಿಸಬಹುದು. ಹಾಗಾಗಿ ಪೆಡಲ್ ಸ್ಪಂಜಿನಂತಾಗಿ ತಳ ಮುಟ್ಟುತ್ತದೆ, ಚಕ್ರಕ್ಕೆ ಒತ್ತಡವೇ ತಲುಪುವುದಿಲ್ಲ. ತಿಂಗಳುಗಟ್ಟಲೆ ಮಳೆ ಸುರಿಯುವ ಊರಿನಲ್ಲಿ ಬ್ರೇಕ್ ಆಯಿಲನ್ನು ಕಾಲಕಾಲಕ್ಕೆ ಬದಲಿಸುವುದು ಏಕೆ ಮುಖ್ಯ ಎಂಬುದಕ್ಕೆ ಇದೇ ಉತ್ತರ.

ಆರ್‌ಸಿಯಲ್ಲಿರುವ ಎರಡು ಸಂಖ್ಯೆಗಳು

ವಾಹನ ಎಷ್ಟು ಹೊರಬಹುದು ಎಂದು ತಿಳಿಯಲು ಶೋರೂಮಿನವರ ಮಾತು ಬೇಡ, ಗೆಳೆಯರ ಅನುಭವವೂ ಬೇಡ. ಆರ್‌ಸಿಯಲ್ಲಿ ಎರಡು ತೂಕ ನಮೂದಾಗಿರುತ್ತವೆ: ಖಾಲಿ ವಾಹನದ್ದು (ಅನ್‌ಲೇಡನ್ ವೇಟ್) ಮತ್ತು ಸರಕು, ಜನ ಎಲ್ಲ ಸೇರಿ ಮೀರಬಾರದ ಒಟ್ಟು ತೂಕ (ಲೇಡನ್ ವೇಟ್). ಎರಡರ ವ್ಯತ್ಯಾಸವೇ ನಿಮಗೆ ಸಿಗುವ ಹೊರೆ.

ಉದಾಹರಣೆಗೆ ಒಟ್ಟು ಮಿತಿ 2,950 ಕೆಜಿ, ಖಾಲಿ ತೂಕ 1,650 ಕೆಜಿ ಎಂದಿಟ್ಟುಕೊಳ್ಳೋಣ. ಹೊರೆಗೆ ಉಳಿಯುವುದು 1,300 ಕೆಜಿ. ಡ್ರೈವರ್ ಮತ್ತು ಇನ್ನಿಬ್ಬರಿಗೆ 200 ಕೆಜಿ, ಜಾಕ್, ಹಗ್ಗ, ಟಾರ್ಪಾಲು, ಸ್ಟೆಪ್ನಿ ಇತ್ಯಾದಿಗೆ 50 ಕೆಜಿ ತೆಗೆಯಿರಿ. ಉಳಿದದ್ದು 1,050 ಕೆಜಿ. 50 ಕೆಜಿಯ ಕಾಫಿ ಚೀಲದ ಲೆಕ್ಕದಲ್ಲಿ 21 ಚೀಲ. ಆರಂಭದಲ್ಲಿ ಹೇಳಿದ 'ನಲವತ್ತು ಚೀಲ' ಇದರ ಹೆಚ್ಚುಕಡಿಮೆ ಎರಡು ಪಟ್ಟು!

ಟ್ರೇಲರ್ ಕಟ್ಟಿದರೆ ಈ 21 ಚೀಲವೂ ಉಳಿಯುವುದಿಲ್ಲ. ಏಕೆಂದರೆ ಟ್ರೇಲರ್ ತನ್ನ ಭಾರವನ್ನೆಲ್ಲ ತನ್ನ ಚಕ್ರಗಳ ಮೇಲೇ ಹೊರುವುದಿಲ್ಲ, ಒಂದಷ್ಟು ಪಾಲನ್ನು ಎಳೆಯುವ ವಾಹನದ ಕೊಂಡಿಯ ಮೇಲೆ ಇಳಿಬಿಡುತ್ತದೆ. ಸಾಮಾನ್ಯ ಟ್ರೇಲರ್‌ನಲ್ಲಿ ಇದು ಅದರ ತೂಕದ ಶೇ. 10ರಿಂದ 15ರಷ್ಟಿರಬೇಕು. 2 ಟನ್ನಿನ ಟ್ರೇಲರ್ ಎಂದರೆ ಕೊಂಡಿಯ ಮೇಲೆ ಕನಿಷ್ಠ 200 ಕೆಜಿ. ಅಂದರೆ ಪಿಕಪ್‌ನಲ್ಲಿ ನಾಲ್ಕು ಚೀಲ ಕಡಿಮೆ, 17 ಮಾತ್ರ.

ಕೊಂಡಿ ಎಲ್ಲಿರಬೇಕು? ಐದನೇ ಚಕ್ರದ ಕಥೆ

ಕೊಂಡಿಯ ಮೇಲೆ ಎಷ್ಟು ಭಾರ ಬೀಳುತ್ತದೆ ಎನ್ನುವಷ್ಟೇ ಮುಖ್ಯ, ಅದು ಎಲ್ಲಿ ಬೀಳುತ್ತದೆ ಎನ್ನುವುದು.

ಸಾಮಾನ್ಯವಾಗಿ ಕೊಂಡಿ ಇರುವುದು ವಾಹನದ ತೀರಾ ಹಿಂದೆ, ಬಂಪರಿನ ಬಳಿ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 3 ಮೀಟರ್ ಅಂತರ, ಹಿಂದಿನ ಚಕ್ರದಿಂದ ಕೊಂಡಿಗೆ 1.2 ಮೀಟರ್ ಎಂದುಕೊಳ್ಳಿ. ಏತದ ಒಂದು ತುದಿ ಒತ್ತಿದರೆ ಇನ್ನೊಂದು ತುದಿ ಮೇಲೇಳುವಂತೆ, ಇಲ್ಲಿ ಹಿಂದಿನ ಅಚ್ಚೇ ಆಧಾರಬಿಂದು. ಕೊಂಡಿಯ ಮೇಲೆ 200 ಕೆಜಿ ಬಿದ್ದರೆ ಮುಂದಿನ ಚಕ್ರಗಳು 80 ಕೆಜಿ ಹಗುರವಾಗುತ್ತವೆ, ಹಿಂದಿನ ಚಕ್ರಗಳ ಮೇಲೆ 280 ಕೆಜಿ ಹೆಚ್ಚುತ್ತದೆ. ಗಾಡಿಯನ್ನು ತಿರುಗಿಸುವ ಮತ್ತು ಹೆಚ್ಚಿನ ಪಾಲು ಬ್ರೇಕ್ ಹಿಡಿಯುವ ಚಕ್ರಗಳು ಮುಂದಿನವು. ಅವುಗಳ ಹಿಡಿತವೇ ಕಡಿಮೆಯಾದರೆ ಒದ್ದೆ ರಸ್ತೆಯ ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ನೇರವಾಗಿ ಜಾರಬಹುದು.

ಈ ಸಮಸ್ಯೆಗೆ ಸಿಕ್ಕಿರುವ ಒಂದು ಪರಿಹಾರವೇ 'ಫಿಫ್ತ್ ವೀಲ್', ಅಂದರೆ ಐದನೇ ಚಕ್ರ. ಹೆಸರು ಕೇಳಿ ಇನ್ನೊಂದು ಟಯರ್ ಹುಡುಕಬೇಡಿ. ಹಿಂದಿನ ಕಾಲದ ಕುದುರೆ ಸಾರೋಟುಗಳಲ್ಲಿ ಮುಂದಿನ ಅಚ್ಚು ಎಡಬಲಕ್ಕೆ ತಿರುಗಲೆಂದು ಅದರ ಮೇಲೆ ಚಕ್ರದಂಥ ಒಂದು ಬಳೆಯನ್ನು ಅಡ್ಡಲಾಗಿ ಕೂರಿಸುತ್ತಿದ್ದರು. ನಾಲ್ಕು ಚಕ್ರದ ಗಾಡಿಗೆ ಅದು ಐದನೆಯದು. ಅದೇ ಹೆಸರು ಇಂದಿನ ಲಾರಿಗಳಿಗೂ ಬಂದಿದೆ. ಶಿರಾಡಿ ಘಾಟಿಯಲ್ಲೋ ಮಂಗಳೂರಿನ ಬಂದರಿನ ಬಳಿಯೋ ಕಂಟೇನರ್ ಎಳೆಯುವ ಲಾರಿಯ ಮುಂಭಾಗ ಒಂಟಿಯಾಗಿ ನಿಂತಿರುವಾಗ ನೋಡಿ. ಹಿಂದಿನ ಚಕ್ರಗಳ ಮೇಲೆ ಗ್ರೀಸ್ ಬಳಿದ, ಕುದುರೆ ಲಾಳದಂತೆ ಸೀಳಿರುವ ದಪ್ಪ ತಟ್ಟೆಯೊಂದು ಕಾಣುತ್ತದೆ. ಟ್ರೇಲರಿನ ಅಡಿಯಲ್ಲಿರುವ 'ಕಿಂಗ್‌ಪಿನ್' ಎಂಬ ಉಕ್ಕಿನ ಗೂಟ ಆ ಸೀಳಿನೊಳಗೆ ಹೋಗಿ ಬೀಗ ಬೀಳುತ್ತದೆ.

ಇದರಲ್ಲಿರುವ ಜಾಣ್ಮೆ ಏನೆಂದರೆ, ಟ್ರೇಲರ್‌ನ ಭಾರ ಹಿಂದಿನ ಅಚ್ಚಿನ ಮೇಲೆಯೇ ಅಥವಾ ಅದಕ್ಕಿಂತ ತುಸು ಮುಂದೆ ಬೀಳುತ್ತದೆ. ಮುಂದಿನ ಚಕ್ರಗಳು ಹಗುರವಾಗುವುದಿಲ್ಲ, ಟ್ರೇಲರ್ ಬಾಲ ಅಲ್ಲಾಡಿಸುವುದೂ ಬಹಳ ಕಡಿಮೆ. ಅಮೆರಿಕದಲ್ಲಿ ಪಿಕಪ್‌ನ ಹಿಂದಿನ ತೊಟ್ಟಿಯಲ್ಲಿ ಇದನ್ನೇ ಕೂರಿಸಿ, ಹಲವು ಟನ್ ತೂಕದ, ಒಳಗೆ ಮನೆಯಂತೆ ವಾಸಿಸಬಹುದಾದ ಟ್ರೇಲರುಗಳನ್ನು ಎಳೆಯುತ್ತಾರೆ.

ಹಾಗಾದರೆ ನಮ್ಮ ಪಿಕಪ್‌ಗೂ ಕೂರಿಸಬಹುದಲ್ಲ? ಇಲ್ಲೇ ಇರುವುದು ತೊಡಕು. ಫಿಫ್ತ್ ವೀಲ್ ಟ್ರೇಲರ್ ತನ್ನ ತೂಕದ ಶೇ. 15ರಿಂದ 25ರಷ್ಟನ್ನು ಎಳೆಯುವ ವಾಹನದ ಮೇಲೆ ಹೇರುತ್ತದೆ. 5 ಟನ್ನಿನ ಟ್ರೇಲರ್ ಆದರೆ ಶೇ. 20ರ ಲೆಕ್ಕದಲ್ಲಿ 1,000 ಕೆಜಿ! ಕೊಂಡಿಯ ಸಲಕರಣೆಯ ತೂಕ ಬೇರೆ. ನಮ್ಮ ಉದಾಹರಣೆಯ ಪಿಕಪ್‌ಗೆ ಉಳಿದಿದ್ದ 1,050 ಕೆಜಿ ಅಲ್ಲಿಗೇ ಮುಗಿಯಿತು. ಅದಕ್ಕೇ ಅಮೆರಿಕದವರು ಇಂಥ ಕೆಲಸಕ್ಕೆ ಬಳಸುವುದು ಫೋರ್ಡ್ ಎಫ್-350, ರ‍್ಯಾಮ್ 3500ರಂಥ ದೈತ್ಯ ಪಿಕಪ್‌ಗಳನ್ನು. ಅವುಗಳಲ್ಲಿ ಹಲವಕ್ಕೆ ಹಿಂದೆ ಎರಡೆರಡು ಟಯರ್ ಜೋಡಿ ಇರುತ್ತದೆ. ನಮ್ಮಲ್ಲಿ 1986ರಿಂದ ಓಡಾಡುತ್ತಿರುವ ಟಾಟಾ 407 ಲಾರಿಯ ಹಿಂದಿನ ಚಕ್ರಗಳನ್ನು ನೆನೆಸಿಕೊಳ್ಳಿ. ನೋಡಲು ಪಿಕಪ್ ಆದರೂ ಆ ವಾಹನಗಳು ಹೊರೆಯ ಲೆಕ್ಕದಲ್ಲಿ ನಮ್ಮ ಚಿಕ್ಕ ಲಾರಿಗಳ ಸಾಲಿನವು.

ಇನ್ನೊಂದು ಮಾತು. ಯಾವುದೇ ಟ್ರೇಲರ್ ತಿರುವಿನಲ್ಲಿ ಎಳೆಯುವ ವಾಹನದ ಜಾಡಿನಲ್ಲೇ ಬರುವುದಿಲ್ಲ, ಒಳಕ್ಕೆ ಕತ್ತರಿಸಿಕೊಂಡು ಬರುತ್ತದೆ. ಕೊಂಡಿ ಮುಂದಕ್ಕೆ ಇದ್ದಷ್ಟೂ, ಟ್ರೇಲರ್ ಉದ್ದವಾದಷ್ಟೂ ಇದು ಹೆಚ್ಚು. ಅಮೆರಿಕದ ಅಗಲ ಹೆದ್ದಾರಿಯಲ್ಲಿ ಇದೊಂದು ಸಮಸ್ಯೆಯೇ ಅಲ್ಲ. ಕರಿಕೆ ರಸ್ತೆಯ ಹೇರ್‌ಪಿನ್ ತಿರುವಿನಲ್ಲಿ ಟ್ರೇಲರ್‌ನ ಒಳಚಕ್ರ ಚರಂಡಿಗಿಳಿಯಲು ಇಷ್ಟು ಸಾಕು.

ಹೊರೆ ಜೋಡಿಸುವ ಕ್ರಮ

ಟ್ರೇಲರ್‌ನಲ್ಲಿ ಭಾರವಾದ ವಸ್ತುಗಳನ್ನು ಹಿಂದೆ ಇಟ್ಟರೆ ಕೊಂಡಿ ಹಗುರವಾಗುತ್ತದೆ, ಎತ್ತಿ ಸಿಕ್ಕಿಸಲು ಸುಲಭ ಎನಿಸುತ್ತದೆ. ಆದರೆ ರಸ್ತೆಯ ಮೇಲೆ ಇದು ಅತ್ಯಂತ ಅಪಾಯಕಾರಿ. ಹಿಂಭಾಗ ಭಾರವಾದ ಟ್ರೇಲರ್ ಸಣ್ಣದೊಂದು ಗುಂಡಿ ಸಿಕ್ಕರೂ ಎಡಬಲಕ್ಕೆ ತೂಗಾಡತೊಡಗುತ್ತದೆ. ವೇಗ ಹೆಚ್ಚಿದಂತೆ ತೂಗಾಟ ನಿಲ್ಲುವ ಬದಲು ಬೆಳೆಯುತ್ತ ಹೋಗಿ, ಕೊನೆಗೆ ಎಳೆಯುವ ವಾಹನವನ್ನೇ ತಿರುಗಿಸಿಬಿಡುತ್ತದೆ.

ಹಾಗಾಗಿ ಹೊರೆಯ ಸುಮಾರು ಶೇ. 60ರಷ್ಟು ಟ್ರೇಲರ್‌ನ ಅಚ್ಚಿಗಿಂತ ಮುಂದೆ ಇರಲಿ. ಭಾರದ ವಸ್ತು ಕೆಳಗೆ, ಹಗುರದ್ದು ಮೇಲೆ. ಪಂಪ್‌ಸೆಟ್ ಆದರೆ ಎಂಜಿನ್ ಭಾಗ ಅಚ್ಚಿನ ಸ್ವಲ್ಪ ಮುಂದೆ. ಸಿಲ್ವರ್ ಓಕ್ ದಿಮ್ಮಿಗಳಾದರೆ ಬುಡದ ದಪ್ಪ ಭಾಗ ಮುಂದಕ್ಕೆ. ಏನೇ ಇರಲಿ, ಬ್ರೇಕ್ ಹಿಡಿದಾಗ ಮುಂದಕ್ಕೆ ಜಾರದಂತೆ ಬಿಗಿಯಾಗಿ ಕಟ್ಟಿರಬೇಕು.

ಈ ಹೊರೆಯ ಮೇಲೆ ಜನ ಕೂರುವುದಂತೂ ಬೇಡವೇ ಬೇಡ. ಚೀಲಗಳ ಮೇಲೆ ಕುಳಿತವರು ವಾಹನದ ಗುರುತ್ವಕೇಂದ್ರವನ್ನು ಇನ್ನಷ್ಟು ಮೇಲಕ್ಕೆ ಒಯ್ಯುತ್ತಾರೆ. ಗಾಡಿ ವಾಲಿದರೆ ಮೊದಲು ಹೊರಗೆ ಬೀಳುವವರೂ ಅವರೇ, ಆಮೇಲೆ ಹೊರೆ ಬೀಳುವುದೂ ಅವರ ಮೇಲೆಯೇ. ಸಂಜೆ ಕೆಲಸ ಮುಗಿಸಿ ಲೈನ್ ಮನೆಗೆ ಹೊರಟ ಕಾರ್ಮಿಕರನ್ನು 'ಹೇಗೂ ಗಾಡಿ ಆ ಕಡೆ ಹೋಗುತ್ತಲ್ಲ' ಎಂದು ಹತ್ತಿಸಿಕೊಳ್ಳುವ ಮುನ್ನ ಇದನ್ನು ನೆನಪಿಡಬೇಕು.

ಬ್ರೇಕ್ ಇಲ್ಲದ ಟ್ರೇಲರ್ ಏನು ಮಾಡುತ್ತದೆ?

ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿರುವ ಪಿಕಪ್ ಬ್ರೇಕ್ ಹಿಡಿದ ಕ್ಷಣದಿಂದ ನಿಲ್ಲಲು ಬೇಕಾಗುವ ದೂರವನ್ನು ಲೆಕ್ಕ ಹಾಕಿದರೆ ಹೀಗೆ ಬರುತ್ತದೆ:

• ಒಣ, ಸಮತಟ್ಟಾದ ರಸ್ತೆ: ಸುಮಾರು 9 ಮೀಟರ್
• ಒದ್ದೆ, ಸಮತಟ್ಟಾದ ರಸ್ತೆ: ಸುಮಾರು 16 ಮೀಟರ್
• ಒದ್ದೆ ರಸ್ತೆ, ನೂರಕ್ಕೆ ಎಂಟರ ಇಳಿಜಾರು: ಸುಮಾರು 20 ಮೀಟರ್
• ಅದೇ ಒದ್ದೆ ಇಳಿಜಾರು, ಹಿಂದೆ ಬ್ರೇಕ್ ಇಲ್ಲದ 2 ಟನ್ ಟ್ರೇಲರ್: ಸುಮಾರು 39 ಮೀಟರ್

ಒಣ ರಸ್ತೆಯಲ್ಲಿ ಒಂದು ಬಸ್ಸಿನ ಉದ್ದದೊಳಗೆ ನಿಲ್ಲುತ್ತಿದ್ದ ಗಾಡಿಗೆ ಈಗ ನಾಲ್ಕು ಪಟ್ಟು ಜಾಗ ಬೇಕು. ಚಾಲಕ ಅಪಾಯ ಕಂಡು ಪೆಡಲ್ ಒತ್ತುವಷ್ಟರಲ್ಲಿ, ಒಂದು ಸೆಕೆಂಡ್ ಹಿಡಿದರೂ, ಕಳೆದುಹೋಗುವ 11 ಮೀಟರ್ ಇದಕ್ಕೆ ಸೇರಿಲ್ಲ. ತಿರುವಿನಲ್ಲಿ ಎದುರಿಗೆ ಬಸ್ ಬಂದಾಗ ಈ ವ್ಯತ್ಯಾಸದ ಬೆಲೆ ಏನೆಂದು ಬೇರೆ ಹೇಳಬೇಕಿಲ್ಲ.

ತಯಾರಕರೂ ಇದನ್ನು ಒಪ್ಪಿಕೊಂಡಿದ್ದಾರೆ. ಟೊಯೋಟಾ ಹೈಲಕ್ಸ್ ಪಿಕಪ್‌ನ ಫೋರ್ ವೀಲ್ ಡ್ರೈವ್ ಮಾದರಿಗಳಿಗೆ ಆಸ್ಟ್ರೇಲಿಯಾದಲ್ಲಿ ಎರಡು ಎಳೆತದ ಮಿತಿಗಳಿವೆ. ಟ್ರೇಲರ್‌ಗೆ ಸ್ವಂತ ಬ್ರೇಕ್ ಇದ್ದರೆ 3,500 ಕೆಜಿ. ಇಲ್ಲದಿದ್ದರೆ 750 ಕೆಜಿ ಮಾತ್ರ! ಎಂಜಿನ್ ಅದೇ, ಗೇರ್‌ಬಾಕ್ಸ್ ಅದೇ, ಚಾಸಿಯೂ ಅದೇ. ಬದಲಾಗಿದ್ದು ಟ್ರೇಲರ್‌ನ ಬ್ರೇಕ್ ಒಂದೇ. ಈ ಲೇಖನದ ಸಾರಾಂಶವೆಲ್ಲ ಆ ಎರಡು ಸಂಖ್ಯೆಗಳಲ್ಲಿದೆ.

ಯಾವ ವಾಹನ ಆರಿಸಬೇಕು?

ವಾಹನ ನೋಡಿ ಹೊರೆ ನಿರ್ಧರಿಸುವ ಬದಲು ಹೊರೆ ನೋಡಿ ವಾಹನ ನಿರ್ಧರಿಸಿ. ಮೊದಲು ಸಾಗಿಸಬೇಕಾದ ವಸ್ತುವಿನ ನಿಜವಾದ ತೂಕ ತಿಳಿದುಕೊಳ್ಳಿ. ಅಂದಾಜು ಬೇಡ, ಒಮ್ಮೆ ವೇ ಬ್ರಿಡ್ಜ್ ಮೇಲೆ ನಿಲ್ಲಿಸಿ. ಅದಕ್ಕೆ ಟ್ರೇಲರ್‌ನ ಸ್ವಂತ ತೂಕ ಸೇರಿಸಿ, ಕೊಂಡಿಯ ಮೇಲೆ ಬೀಳುವ ಪಾಲು ಲೆಕ್ಕ ಹಾಕಿ. ಆ ಪಾಲು, ಜನ ಮತ್ತು ಸಾಮಾನು ಎಲ್ಲ ಸೇರಿ ಆರ್‌ಸಿಯ ಮಿತಿಯೊಳಗೆ ಬರುತ್ತದೆಯೇ ನೋಡಿ. ಆಮೇಲೆ ಹಿಂದಿನ ಅಚ್ಚು ಮತ್ತು ಟಯರುಗಳ ಮಿತಿ. ಎಳೆತಕ್ಕೆ ತಯಾರಕರು ಅನುಮತಿ ನೀಡಿದ್ದಾರೆಯೇ, ಎಷ್ಟಕ್ಕೆ ಎಂಬುದು ಮಾಲೀಕರ ಕೈಪಿಡಿಯಲ್ಲಿರುತ್ತದೆ. ಎಂಜಿನ್‌ನ ಅಶ್ವಶಕ್ತಿ ನೋಡುವುದು ಕೊನೆಗೆ.

ಟಯರಿನ ಮಿತಿ ಟಯರಿನ ಮೇಲೆಯೇ ಅಚ್ಚಾಗಿರುತ್ತದೆ. ಅಳತೆಯ ಪಕ್ಕದಲ್ಲಿರುವ ಸಂಖ್ಯೆ ಭಾರದ ಸೂಚ್ಯಂಕ. 104 ಎಂದರೆ ಆ ಟಯರ್ 900 ಕೆಜಿ ಹೊರಬಲ್ಲದು, 109 ಎಂದರೆ 1,030 ಕೆಜಿ, 112 ಎಂದರೆ 1,120 ಕೆಜಿ. ನಿಗದಿತ ಗಾಳಿ ಇದ್ದರೆ ಮಾತ್ರ ಈ ಲೆಕ್ಕ. ಇನ್ನೊಂದು ಕಡೆ ನಾಲ್ಕಂಕಿಯ ಸಂಖ್ಯೆ ಇರುತ್ತದೆ. 2323 ಎಂದಿದ್ದರೆ ಅದು 2023ರ 23ನೇ ವಾರ ತಯಾರಾದ ಟಯರ್.

ಕಾನೂನಿನ ಲೆಕ್ಕವೂ ಇದೆ. ಮೋಟಾರು ವಾಹನ ಕಾಯಿದೆಯ 194ನೇ ಸೆಕ್ಷನ್, 2019ರ ತಿದ್ದುಪಡಿಯ ನಂತರ, ಮಿತಿಮೀರಿದ ಭಾರಕ್ಕೆ 20,000 ರೂಪಾಯಿ ಮತ್ತು ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡ ವಿಧಿಸುತ್ತದೆ. ಆರ್‌ಸಿಯಲ್ಲಿರುವ ತಯಾರಕರ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವುದನ್ನು 52ನೇ ಸೆಕ್ಷನ್ ತಡೆಯುತ್ತದೆ. ಟ್ರೇಲರ್‌ಗೆ ಪ್ರತ್ಯೇಕ ನೋಂದಣಿಯೂ ಬೇಕು. ಆದ್ದರಿಂದ ವರ್ಕ್‌ಶಾಪಿನಲ್ಲಿ ಕೊಂಡಿ ವೆಲ್ಡ್ ಮಾಡಿಸುವ ಮುನ್ನ ಆರ್‌ಟಿಒ ಕಚೇರಿಯಲ್ಲೂ ವಿಮೆ ಕಂಪನಿಯಲ್ಲೂ ಕೇಳಿಕೊಳ್ಳಿ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ಬಹಳ ಸಲ ಬರುವ ಉತ್ತರ ಸರಳವಾಗಿರುತ್ತದೆ: ಎರಡು ಟ್ರಿಪ್ ಹೊಡೆಯಿರಿ, ಇಲ್ಲವೇ ಚಿಕ್ಕ ಲಾರಿಯೊಂದನ್ನು ಬಾಡಿಗೆಗೆ ಕರೆಸಿ.

ನಂಬಿಕೆ ಮತ್ತು ನಿಜ

ನಂಬಿಕೆ: ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಡೀಸೆಲ್ ಉಳಿಯುತ್ತದೆ.
ನಿಜ: ಇಂದಿನ ಎಂಜಿನ್‌ಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಂಧನ ಪೂರೈಕೆಯೇ ನಿಲ್ಲುತ್ತದೆ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಇರಲೆಂದು ಸ್ವಲ್ಪ ಡೀಸೆಲ್ ಉರಿಯುತ್ತಲೇ ಇರುತ್ತದೆ. ಅಂದರೆ ಉಳಿತಾಯವೂ ಇಲ್ಲ, ಎಂಜಿನ್‌ನ ತಡೆಯೂ ಇಲ್ಲ. ಎಂಜಿನ್ ಆಫ್ ಮಾಡುವುದು ಇನ್ನೂ ಕೆಟ್ಟದ್ದು. ಬ್ರೇಕಿಗೆ ಬಲ ಕೊಡುವ ನಿರ್ವಾತ ಕೆಲವೇ ಸಲದ ಒತ್ತುವಿಕೆಗೆ ಮುಗಿಯುತ್ತದೆ, ಪವರ್ ಸ್ಟಿಯರಿಂಗ್ ಕೂಡ ಬಿಗಿಯಾಗುತ್ತದೆ.

ನಂಬಿಕೆ: ಹಿಂದೆ ಇನ್ನೆರಡು ಪ್ಲೇಟ್ ಹಾಕಿಸಿದರೆ ಹೆಚ್ಚು ಹೊರೆ ಹಾಕಬಹುದು.
ನಿಜ: ಸ್ಪ್ರಿಂಗ್ ಪ್ಲೇಟ್ ಹೆಚ್ಚಿಸಿದರೆ ಗಾಡಿಯ ಹಿಂಭಾಗ ಕುಸಿಯುವುದು ಕಡಿಮೆಯಾಗುತ್ತದೆ, ನೋಡಲು ಎಲ್ಲ ಸರಿಯಿದೆ ಎನಿಸುತ್ತದೆ. ಅಚ್ಚು, ಬೇರಿಂಗ್, ಟಯರ್, ಬ್ರೇಕ್ ಯಾವುದರ ಶಕ್ತಿಯೂ ಹೆಚ್ಚುವುದಿಲ್ಲ. ಅಪಾಯದ ಸೂಚನೆಯೊಂದು ಕಣ್ಣಿಗೆ ಬೀಳದಂತಾಗುತ್ತದೆ, ಅಷ್ಟೇ.

ನಂಬಿಕೆ: ಫೋರ್ ವೀಲ್ ಡ್ರೈವ್ ಇದ್ದರೆ ಬೇಗ ನಿಲ್ಲುತ್ತದೆ.
ನಿಜ: ಎಲ್ಲ ವಾಹನಗಳಿಗೂ ನಾಲ್ಕು ಚಕ್ರಗಳಲ್ಲಿ ಬ್ರೇಕ್ ಇದೆ. ಫೋರ್ ವೀಲ್ ಡ್ರೈವ್ ಕೆಸರಿನಲ್ಲಿ ಮುಂದೆ ಸಾಗಲು ನೆರವಾಗುತ್ತದೆ. ಒದ್ದೆ ಟಾರು ರಸ್ತೆಯಲ್ಲಿ ಬ್ರೇಕ್ ಹಿಡಿದಾಗ ಟಯರಿನ ಹಿಡಿತವೇ ಎಲ್ಲವನ್ನೂ ನಿರ್ಧರಿಸುವುದು.

ನಂಬಿಕೆ: ಬ್ರೇಕ್ ಬಿಸಿಯಾದರೆ ನೀರು ಸುರಿದು ತಣ್ಣಗೆ ಮಾಡಬೇಕು.
ನಿಜ: ಕಾದ ಎರಕದ ಕಬ್ಬಿಣದ ಡ್ರಮ್ ಅಥವಾ ಡಿಸ್ಕ್ ಮೇಲೆ ತಣ್ಣೀರು ಬಿದ್ದರೆ ಸೊಟ್ಟಗಾಗಬಹುದು, ಬಿರುಕು ಬಿಡಬಹುದು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಗೇರಿನಲ್ಲಿಟ್ಟು, ಚಕ್ರಗಳಿಗೆ ಕಲ್ಲು ಕೊಟ್ಟು, ಗಾಳಿಯಲ್ಲೇ ಆರಲು ಬಿಡಿ. ಅರ್ಧ ಗಂಟೆ ಹೋದರೆ ಹೋಗಲಿ.

ಹೊರಡುವ ಮುನ್ನ, ದಾರಿಯಲ್ಲಿ

• ಕೊಂಡಿ ಚಾಸಿಗೆ ಬೋಲ್ಟ್ ಆಗಿರಬೇಕು, ಬಂಪರಿಗಲ್ಲ. ಬೀಗದ ಪಿನ್ ಬಿದ್ದಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿ.
• ಎರಡು ಸುರಕ್ಷಾ ಸರಪಳಿಗಳನ್ನು ಕೊಂಡಿಯ ಅಡಿಯಲ್ಲಿ ಗುಣಾಕಾರ ಚಿಹ್ನೆಯಂತೆ ಅಡ್ಡಲಾಗಿ ಕಟ್ಟಿ. ಕೊಂಡಿ ಕಳಚಿದರೂ ಟ್ರೇಲರ್‌ನ ಮೂತಿ ನೆಲಕ್ಕೆ ಬೀಳದೆ ಸರಪಳಿಯ ಮೇಲೆ ನಿಲ್ಲುತ್ತದೆ.
• ಟ್ರೇಲರ್‌ನ ಬ್ರೇಕ್ ದೀಪ ಮತ್ತು ಇಂಡಿಕೇಟರ್ ಉರಿಯುತ್ತಿರಲಿ. ಮಡಿಕೇರಿಯ ಮಂಜಿನಲ್ಲಿ ಹಿಂದಿನವರಿಗೆ ಕಾಣುವುದು ಅಷ್ಟೇ.
• ಟಯರಿನ ಗಾಳಿಯನ್ನು ತಣ್ಣಗಿರುವಾಗ ನೋಡಿ. ಗಾಳಿ ಕಡಿಮೆ ಇದ್ದರೆ ಹಿಡಿತ ಹೆಚ್ಚುತ್ತದೆ ಎಂದು ಹೊರೆಯ ಗಾಡಿಯಲ್ಲಿ ಪ್ರಯೋಗ ಬೇಡ. ಟಯರ್ ಬಿಸಿಯಾಗಿ ಸಿಡಿಯುತ್ತದೆ.
• ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬನ್ನಿ. ಯಾವ ಗೇರಿನಲ್ಲಿ ಆ ಗುಡ್ಡ ಹತ್ತುತ್ತೀರೋ ಅದೇ ಗೇರು ಅಥವಾ ಅದಕ್ಕೂ ಕೆಳಗಿನದು.
• ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ, ಮತ್ತೆ ಒತ್ತಿ. ಬಿಟ್ಟ ಹೊತ್ತಿನಲ್ಲಿ ಡ್ರಮ್ ತಣ್ಣಗಾಗುತ್ತದೆ.
• ಸುಟ್ಟ ವಾಸನೆ ಬಂದರೆ, ಪೆಡಲ್ ಕೆಳಗೆ ಹೋಗತೊಡಗಿದರೆ ತಕ್ಷಣ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. 'ಸಂಪಾಜೆಯಲ್ಲಿ ನೋಡೋಣ' ಎನ್ನಬೇಡಿ.
• ಬ್ರೇಕ್ ಪೂರ್ತಿ ಸೋತರೆ ಪೆಡಲನ್ನು ಬೇಗ ಬೇಗ ಒತ್ತಿ ಬಿಡುತ್ತ, ಒಂದೊಂದೇ ಗೇರ್ ಇಳಿಸುತ್ತ, ಹ್ಯಾಂಡ್‌ಬ್ರೇಕನ್ನು ನಿಧಾನಕ್ಕೆ ಎಳೆಯಿರಿ. ಬೇರೆ ದಾರಿಯೇ ಇಲ್ಲದಿದ್ದರೆ ಕಣಿವೆಯ ಬದಿಯಲ್ಲ, ಬೆಟ್ಟದ ಬದಿ.

ರಸ್ತೆಗೂ ಒಂದು ಮಿತಿ ಇದೆ

2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಭಾಗದಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆಯೇ ಕೊಚ್ಚಿಹೋಗಿದ್ದು ಕೊಡಗಿನವರಿಗೆ ಮರೆಯುವಂಥದ್ದಲ್ಲ. ಅದೇ ವರ್ಷ ಜೂನ್‌ನಲ್ಲಿ ಮಾಕುಟ್ಟ ರಸ್ತೆಯೂ ಕುಸಿದಿತ್ತು. ನೀರು ಕುಡಿದು ಸಡಿಲಗೊಂಡ ಮಣ್ಣಿನ ಮೇಲಿರುವ ರಸ್ತೆಯ ಅಂಚು ಬೇಸಿಗೆಯಷ್ಟು ಭಾರ ತಡೆಯುವುದಿಲ್ಲ. ಮಳೆಗಾಲದಲ್ಲಿ ಮರದ ದಿಮ್ಮಿ, ಮರಳು ಮತ್ತು ಭಾರೀ ಸರಕಿನ ವಾಹನಗಳಿಗೆ ಜಿಲ್ಲಾಡಳಿತ ತಾತ್ಕಾಲಿಕ ನಿರ್ಬಂಧ ಹೇರುವುದು ಇದೇ ಕಾರಣಕ್ಕೆ. ಪಿಕಪ್ ಆ ಪಟ್ಟಿಯಲ್ಲಿ ಇಲ್ಲದಿರಬಹುದು. ಆದರೂ ಎದುರಿನ ವಾಹನಕ್ಕೆ ದಾರಿ ಬಿಡಲು ಟ್ರೇಲರ್ ಸಮೇತ ಅಂಚಿಗೆ ಇಳಿಯುವ ಮುನ್ನ ಎರಡು ಸಲ ಯೋಚಿಸುವುದು ಒಳ್ಳೆಯದು.

ಮುಂದಿನ ಸಲ ಯಾರಾದರೂ "ನಮ್ಮ ಗಾಡಿ ಎಷ್ಟು ಬೇಕಾದರೂ ಎಳೆಯುತ್ತದೆ" ಎಂದರೆ ಒಂದೇ ಪ್ರಶ್ನೆ ಕೇಳಿ: ಅದನ್ನೆಲ್ಲ ಹೊತ್ತುಕೊಂಡು ಮಳೆಯಲ್ಲಿ, ಇಳಿಜಾರಿನಲ್ಲಿ, ತಿರುವಿನ ಆಚೆ ಶಾಲೆಯ ಮಕ್ಕಳು ರಸ್ತೆ ದಾಟುತ್ತಿರುವಾಗ ಅದು ಎಷ್ಟು ದೂರದಲ್ಲಿ ನಿಲ್ಲುತ್ತದೆ? ಅದಕ್ಕೆ ಸಿಗುವ ಉತ್ತರವೇ ಆ ಗಾಡಿಯ ನಿಜವಾದ ಸಾಮರ್ಥ್ಯ.